ಎಡಕ್ಕೆ ತಿರುಗಿದ ಬೋರ್ಡು

ನನ್ನ ಬಾವ, ಅಂದರೆ ಅಕ್ಕನ ಗಂಡ, ಕೆಜಿಎಫ್‌ನ ಮೈಸೂರು ಮೈನ್ಸ್‌ನವನು. ನಾನು ಬಂಗಾರಪೇಟೆಯವನು. ನಮ್ಮಿಬ್ಬರ ನಡುವೆ ಆಸ್ತಿಯ ತಕರಾರಿಲ್ಲ, ಪಕ್ಷ ರಾಜಕೀಯವಿಲ್ಲ. ಇರುವುದು ಒಂದೇ ವ್ಯಾಜ್ಯ, ಬ್ಯಾಸ್ಕೆಟ್‌ಬಾಲ್. ಯಾವ ಊರಿನ ಮಕ್ಕಳು ಮುಂದೆ ಬರುತ್ತಾರೆ ಎಂಬ ಈ ವ್ಯಾಜ್ಯ ನಾವಿಬ್ಬರೂ ಇರುವ ತನಕ ಇತ್ಯರ್ಥವಾಗುವಂಥದ್ದಲ್ಲ.

ಬಾವ ವಯಸ್ಸಿನಲ್ಲಿದ್ದಾಗ ಚೆನ್ನಾಗಿ ಆಡುತ್ತಿದ್ದನಂತೆ. ಈಗ ಮೊಣಕಾಲು ಹೋಗಿದೆ, ಬಾಯಿ ಮಾತ್ರ ಆಡುತ್ತದೆ. ನಾನಂತೂ ಹುಟ್ಟಿದಾಗಿನಿಂದ ಬಾಯಲ್ಲೇ ಆಡಿದವನು. ಭಾನುವಾರ ಬೆಳಗಿನ ಹಾಲಿನ ಕೆಲಸ ಮುಗಿಸಿ ನಾನು ರೈಲು ಹತ್ತಿ ಅಕ್ಕನ ಮನೆಗೆ ಹೋದರೆ, ಚಪ್ಪಲಿ ಬಿಡುವುದಕ್ಕೆ ಮೊದಲೇ ಶುರು.

"ಬಾರಪ್ಪಾ ಬಂಗಾರಪೇಟೆ. ಎಂಗವ್ಳೆ ನಿಮ್ ಪಾನಿಪೂರಿ?"

ಪಾನಿಪೂರಿ ಎಂದರೆ ನಮ್ಮ ಕಡೆಯಿಂದ ಆಡುವ ಹುಡುಗಿ. ನಮ್ಮೂರಿನ ಪಾನಿಪೂರಿ ಹೆಸರುವಾಸಿಯಾದ್ದರಿಂದ, ಅವಳು ಕುಳ್ಳಗಿರುವುದರಿಂದ, ಬಾವ ಅವಳಿಗೆ ಇಟ್ಟ ಹೆಸರು. ಒಂದೇ ಗುಕ್ಕಿಗೆ ಮುಗಿಯುತ್ತಾಳೆ ಎಂದು ಅವನ ವ್ಯಂಗ್ಯ.

"ಚೆನ್ನಾಗವ್ಳೆ ಬಾವ. ನಿಮ್ ಕರೆಂಟ್ ಕಂಬ ಬಗ್ಗೋಕೆ ಕಲಿತಾ?"

ಕರೆಂಟ್ ಕಂಬ ಎಂದರೆ ಬಾವನ ಬೀದಿಯಲ್ಲೇ ಇರುವ ಹುಡುಗಿ. ಉದ್ದ ಕೈ, ಉದ್ದ ಕಾಲು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಆಟದ ಅಂಗಳದಲ್ಲಿ ಮೂರು ಭಾಷೆಯಲ್ಲೂ ಜಗಳ. ಅವಳು ನಿಂತಲ್ಲೇ ಕೈ ಎತ್ತಿದರೆ ಎದುರಿನವರಿಗೆ ಆಕಾಶ ಕಾಣುವುದಿಲ್ಲ ಎಂದು ಬಾವ ಕೊಚ್ಚಿಕೊಳ್ಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾವು ಹೆರದೆಯೇ ಮುದ್ದು ಮಾಡುವ ಜಾತಿ.

"ಹೆಣ್ಮಕ್ಕಳ್ನ ಅಂಗೆಲ್ಲಾ ಕರದ್ರೆ ಇಬ್ರಿಗೂ ಮುದ್ದೆ ಇಕ್ಕಲ್ಲ," ಎಂದು ಅಕ್ಕ ಒಳಗಿನಿಂದ ಕೂಗುತ್ತಿದ್ದಳು. ಆಮೇಲೆ ಇಕ್ಕುತ್ತಲೂ ಇದ್ದಳು. ತವರಿನ ಪಕ್ಷವೋ ಗಂಡನ ಪಕ್ಷವೋ ಎಂದು ಕೇಳಿದರೆ, ಯಾರು ತಟ್ಟೆ ತೊಳೆದಿಡುತ್ತಾರೋ ಅವರ ಪಕ್ಷ ಅನ್ನುತ್ತಿದ್ದಳು. ಹಾಗಾಗಿ ಇವತ್ತಿನವರೆಗೂ ಅವಳು ಯಾರ ಪಕ್ಷಕ್ಕೂ ಸೇರಿಲ್ಲ.

ನಮ್ಮ ಹುಡುಗಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಹಾಲಿನ ಡೈರಿಯಲ್ಲಿ ಹಾಲು ಅಳೆಯುವವನು. ಅವರ ಮನೆಯಲ್ಲಿ ಮೂರು ಸೀಮೆಹಸು. ಬೆಳಗ್ಗೆ ಅವಳೇ ಕರೆದು, ಅವಳೇ ಕ್ಯಾನು ತಂದು ಹಾಕಿ, ಡೈರಿಯ ಪಕ್ಕದ ಬಯಲಿಗೆ ಓಡುತ್ತಿದ್ದಳು. ಆ ಬಯಲಿನಲ್ಲಿ ಒಂದೇ ಒಂದು ಕಂಬ, ಅದಕ್ಕೊಂದು ಬೋರ್ಡು, ಒಂದು ರಿಂಗು. ಅದೇ ನಮ್ಮ ಅಂಗಳ. ಕಾಲೇಜು, ಹಸು, ಚೆಂಡು, ಮೂರನ್ನೂ ಅವಳು ಹೊತ್ತುಕೊಂಡು ಓಡಾಡುವುದನ್ನು ನೋಡಿ ಅವಳ ಅಪ್ಪ ಒಂದು ಮಾತು ಹೇಳಿದ್ದ. ಈ ಸಲ ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಸರಿ, ಎಲ್ಲಿಗೆ ಬೇಕಾದರೂ ಕಳಿಸುತ್ತೇನೆ. ಆಗಲಿಲ್ಲವೆಂದರೆ ಚೆಂಡು ಮೂಲೆಗೆ. ಅವನು ಕೆಟ್ಟವನಲ್ಲ. ಆಡಿದ ಮಾತಿಗೆ ತಪ್ಪುವವನೂ ಅಲ್ಲ. ನಮಗೆ ಭಯ ಇದ್ದದ್ದು ಅದಕ್ಕೇ.

ಇನ್ನು ಆ ಬೋರ್ಡಿನ ವಿಷಯ. ಪ್ರತಿವರ್ಷ ಗಣೇಶನನ್ನು ಕೂರಿಸುವುದು ಅದೇ ಬಯಲಿನಲ್ಲಿ. ಶಾಮಿಯಾನದ ಹಗ್ಗ ಕಟ್ಟುವುದಕ್ಕೆ ಅಷ್ಟು ಗಟ್ಟಿ ಕಂಬ ಬೇರೊಂದಿಲ್ಲ. ಹೀಗೆ ಹಗ್ಗ ಎಳೆದೂ ಎಳೆದೂ ಬೋರ್ಡು ಎಡಕ್ಕೆ ತಿರುಗಿಕೊಂಡಿತು. ಬೋರ್ಡಿನ ಮೇಲೆ ಬರೆದ ಚೌಕದ ಮಧ್ಯಕ್ಕೆ ಹೊಡೆದರೆ ಚೆಂಡು ರಿಂಗು ಬಿಟ್ಟು ಎಡಕ್ಕೆ ಹಾರುತ್ತಿತ್ತು. ಚೌಕದ ಬಲ ಅಂಚಿಗೆ ಹೊಡೆದರೆ ನೇರ ಒಳಕ್ಕೆ. ಇದು ನಮ್ಮ ಮಕ್ಕಳಿಗೆ ಗೊತ್ತಿತ್ತು, ಹೊರಗಿನಿಂದ ಬಂದವರಿಗೆ ಗೊತ್ತಿರಲಿಲ್ಲ. ಕೆಜಿಎಫ್‌ನವರು ಬಂದು ಮೂರು ಮೂರು ಜನರ ಆಟ ಆಡಿ ಸೋತು, ಬೋರ್ಡು ಸೊಟ್ಟಗಿದೆ ಎಂದು ಗೊಣಗಿದರೆ, ನಾವು ಚಪ್ಪಾಳೆ ತಟ್ಟಿ ಹೇಳುತ್ತಿದ್ದೆವು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಮ್ಮೆ ಯಾರೋ ಪುಣ್ಯಾತ್ಮರು ಬೋರ್ಡು ಸರಿಮಾಡಿಸುತ್ತೇನೆ ಎಂದು ಬಂದಾಗ ಇಡೀ ಬೀದಿ ಅಡ್ಡ ನಿಂತಿತು. ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ.

ನಾವು ಕೆಜಿಎಫ್‌ಗೆ ಹೋದಾಗ ಸೋಲುತ್ತಿದ್ದೆವಲ್ಲ, ಅದಕ್ಕೂ ನನ್ನ ಬಳಿ ಕಾರಣ ಸಿದ್ಧವಿತ್ತು. ಚಿನ್ನದ ಗಣಿಯ ಕಸ ಸುರಿದೂ ಸುರಿದೂ ಎದ್ದ ಸೈನೈಡ್ ಗುಡ್ಡದ ದೂಳು. ಗಾಳಿ ಎದ್ದರೆ ಆ ಬಿಳಿ ದೂಳು ಕಣ್ಣಿಗೆ ಬೀಳುತ್ತದೆ, ನಮ್ಮ ಮಕ್ಕಳಿಗೆ ಅಭ್ಯಾಸವಿಲ್ಲ. ಇದನ್ನು ಕೇಳಿದಾಗಲೆಲ್ಲ ಬಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆಯ್ಕೆ ನಡೆದದ್ದು ಮೈಸೂರು ಮೈನ್ಸ್‌ನ ಅಂಗಳದಲ್ಲೇ. ಎಲ್ಲ ಸ್ಥಾನಗಳೂ ಹೆಚ್ಚುಕಡಿಮೆ ತುಂಬಿ ಕೊನೆಗೆ ಒಂದು ಉಳಿಯಿತು. ಅದಕ್ಕೆ ಇಬ್ಬರು: ನಮ್ಮ ಕುಳ್ಳಿ, ಅವರ ಉದ್ದದವಳು. ಇಬ್ಬರನ್ನೂ ಎದುರುಬದುರು ತಂಡಗಳಲ್ಲಿ ಹಾಕಿ ಆಡಿಸಿ ನೋಡುತ್ತೇವೆ ಎಂದರು. ಬಾವ, ನಾನು ಮೋಟುಗೋಡೆಯ ಮೇಲೆ ಕೂತಿದ್ದೆವು. ನಡುವೆ ಹುರಿದ ಕಡಲೆಕಾಯಿ.

"ನಿಮ್ಮುಡುಗಿಗೆ ಒಂದು ಏಣಿ ತಂದವ್ರಾ?" ಅಂದ ಬಾವ.

"ನಿಮ್ಮುಡುಗಿ ಕಾಲ್ ಸಂದಿಲೇ ತೂರ್ಕೊಂಡು ಓಗ್ತಾಳೆ, ನೋಡ್ತಾ ಇರಿ," ಅಂದೆ ನಾನು.

ತೂರಿಕೊಂಡು ಹೋದಳು ಕೂಡ. ಉದ್ದದವಳು ಕೈ ಚಾಚುವಷ್ಟರಲ್ಲಿ ಅವಳ ಪಕ್ಕದಿಂದ ನುಸುಳಿ ಬೋರ್ಡಿಗೆ ಹೊಡೆದಳು. ಚೆಂಡು ರಿಂಗಿನ ಬಲಕ್ಕೆ ಬಿತ್ತು. ಮತ್ತೊಮ್ಮೆ ನುಸುಳಿದಳು. ಮತ್ತೆ ಬಲಕ್ಕೆ. ಮತ್ತೂ ಒಮ್ಮೆ ಹಾಗೇ ಆಯಿತು. ಆಯ್ಕೆಗೆ ಬಂದವರಲ್ಲಿ ಒಬ್ಬರು ಕೈಗಡಿಯಾರ ನೋಡಿಕೊಂಡರು. ಅತ್ತ ಉದ್ದದವಳು ಸರಾಗವಾಗಿ ಹಾಕುತ್ತಿದ್ದಳು. ನಮ್ಮ ಹುಡುಗಿಯ ಅಪ್ಪ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ದೂಳು ಬಾವ, ದೂಳು," ಅಂದೆ.

ಬಾವ ನಗಲಿಲ್ಲ. ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದ.

"ಲೇ, ನಿಮ್ಮೂರ ಬೋರ್ಡು ಇನ್ನೂ ಅಂಗೇ ಸೊಟ್ಟಗೈತಾ?"

"ಐತೆ. ಯಾಕೆ?"

"ಅಷ್ಟೂ ಒಂದೇ ಜಾಗಕ್ಕೆ ಬಿದ್ವು ಕಣ್ಲಾ. ಗುರಿ ತಪ್ಪಿಲ್ಲ ಆಯಮ್ಮಂಗೆ. ನಿಮ್ ಬೋರ್ಡಿಗೆ ಹೊಡೀತಾವ್ಳೆ."

ಇಷ್ಟು ದಿನ ಯಾವುದನ್ನು ನಮ್ಮೂರಿನ ಶಕ್ತಿ ಎಂದು ಕಾಯ್ದುಕೊಂಡಿದ್ದೆವೋ ಅದೇ ಈಗ ಅವಳ ಕಾಲಿಗೆ ತೊಡರಿಕೊಂಡಿತ್ತು. ಅವಳಿಗೆ ಹೇಳಬೇಕು. ಆದರೆ ನಾನು ಹೇಳಿದರೆ ಕೇಳುತ್ತಾಳೆಯೇ? ಹಾಲು ಅಳೆಯುವವನು ಚೆಂಡಿನ ವಿಷಯ ಹೇಳಲು ಬಂದ ಎಂದುಕೊಳ್ಳುತ್ತಾಳೆ. ಬಾವನ ಮಾತಿಗೆ ಬೆಲೆಯಿದೆ. ಬಾವ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನ ಬೀದಿಯ ಹುಡುಗಿ ಆ ಸಂಜೆಯೇ ಜಿಲ್ಲಾ ತಂಡದಲ್ಲಿರುತ್ತಿದ್ದಳು. ನೀವೇ ಹೇಳಿ ಎಂದು ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ನೀರು ಕುಡಿಯಲು ಬಿಟ್ಟರು. ಬಾವ ಅಂಗಳವನ್ನೂ, ತನ್ನ ಬೀದಿಯ ಹುಡುಗಿಯನ್ನೂ ಒಮ್ಮೆ ನೋಡಿದ. ಮೊಣಕಾಲು ಹಿಡಿದುಕೊಂಡು ಗೋಡೆಯಿಂದ ಇಳಿದು, ಕುಂಟುತ್ತಾ ಹೋಗಿ, ನಮ್ಮ ಹುಡುಗಿಯ ಮುಂದೆ ನಿಂತ. ಅವನಿಗೆ ಮೆಲ್ಲಗೆ ಮಾತನಾಡಿ ಗೊತ್ತೇ ಇಲ್ಲ.

"ಏ ಪಾಪ, ಈ ಬೋರ್ಡು ನೆಟ್ಟಗೈತೆ. ಬಲಕ್ಕೆ ಹೊಡೀಬ್ಯಾಡ. ಚೌಕದ ಮಧ್ಯಕ್ಕೆ ಹೊಡಿ. ಎದ್ರಬ್ಯಾಡ, ಓಗು."

ಮೊದಲನೆಯದು ರಿಂಗಿನ ಅಂಚಿಗೆ ಬಡಿದು ಹೊರಗೆ ಬಿತ್ತು. ಕೈ ಹಳೆಯ ದಾರಿಯನ್ನು ಅಷ್ಟು ಬೇಗ ಮರೆಯುವುದಿಲ್ಲ. ಆಮೇಲೆ ಒಂದು ಒಳಗೆ ಬಿತ್ತು. ಅವಳು ನಿಂತು ಬೋರ್ಡನ್ನೇ ದಿಟ್ಟಿಸಿದಳು, ಯಾರೋ ಹೊಸಬರನ್ನು ಗುರುತು ಹಿಡಿಯುವವಳ ಹಾಗೆ. ಅಲ್ಲಿಂದ ಮುಂದೆ ಅವಳನ್ನು ಹಿಡಿಯಲು ಯಾರಿಗೂ ಆಗಲಿಲ್ಲ. ನಾನು ಗೋಡೆಯ ಮೇಲೆ ಎದ್ದು ನಿಂತು ಏನೇನು ಕಿರುಚಿದೆನೋ ನೆನಪಿಲ್ಲ. ಕಡಲೆಕಾಯಿಯೆಲ್ಲ ನೆಲದ ಪಾಲಾಯಿತು.

ಕೊನೆಯ ಸ್ಥಾನಕ್ಕೆ ಕರೆದದ್ದು ನಮ್ಮ ಹುಡುಗಿಯ ಹೆಸರನ್ನು. ಅವಳ ಅಪ್ಪ ಗೇಟಿನ ಹತ್ತಿರವೇ ಟವೆಲಿನಿಂದ ಮುಖ ಒರೆಸಿಕೊಂಡ. ಆಡಿದ ಮಾತಿಗೆ ತಪ್ಪದವನು ಎಂದೆನಲ್ಲ, ಅವತ್ತು ಅದು ನಮಗೆ ಎಷ್ಟು ಸಂತೋಷದ ಗುಣವಾಗಿ ಕಂಡಿತೆಂದರೆ ಹೋಗಿ ತಬ್ಬಿಕೊಂಡೆ.

ವಾಪಸು ಬಂದಾಗ ಬಾವ ಒಬ್ಬನೇ ಕೂತಿದ್ದ. ಉದ್ದದವಳು ಸ್ವಲ್ಪ ದೂರದಲ್ಲಿ ತಲೆ ತಗ್ಗಿಸಿ ಶೂ ಬಿಚ್ಚುತ್ತಿದ್ದಳು. ಕೇಳಬಾರದಿತ್ತು, ಕೇಳಿಬಿಟ್ಟೆ.

"ಯಾಕ್ ಬಾವ ಯೋಳಿದ್ರಿ?"

"ನಮ್ಮುಡುಗಿ ಸೋತ್ರೆ ಆಟಕ್ಕೆ ಸೋತ್ಳು ಅಂತೀವಿ. ನಿಮ್ಮುಡುಗಿ ನಿಮ್ ಗಣೇಶನ್ ಶಾಮಿಯಾನಕ್ಕೆ ಸೋಲ್ತಿದ್ಳು. ಅದೂ ಒಂದು ಸೋಲಾ?" ಅಂದ. ಅಂದವನ ದನಿ ಮಾತ್ರ ನೆಟ್ಟಗಿರಲಿಲ್ಲ. ಉದ್ದದವಳ ತಾಯಿಗೆ ಏನು ಹೇಳುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ ಎಂದು ಕಾಣುತ್ತದೆ. ದಿನಾ ಮುಖ ನೋಡಬೇಕಾದ ಬೀದಿ ಅದು.

ಮೆಲ್ಲಗೆ ಆ ಹುಡುಗಿಯ ಹತ್ತಿರ ಹೋದ. "ನಿನ್ ಜಾಗ ನಾನೇ ಕಳದೆ ಕಣಮ್ಮ," ಅಂದ.

ಅವಳು ತಲೆ ಎತ್ತಿದಳು. ಕಣ್ಣು ಕೆಂಪಗಿತ್ತು.

"ನೀವು ಅವಳಿಗೆ ಹೇಳಿದ್ದು ನನಗೂ ಕೇಳಿಸ್ತು ಮಾಮಾ. ಎಲ್ಲಿಗೆ ಹೊಡೀತಾಳೆ ಅಂತ ಗೊತ್ತಿತ್ತು. ಗೊತ್ತಿದ್ರೂ ತಡಿಯೋಕೆ ಆಗ್ಲಿಲ್ಲ. ಚೆನ್ನಾಗ್ ಆಡ್ತಾಳೆ ಅವಳು."

ಅಷ್ಟು ಹೇಳಿ ಶೂಗಳನ್ನು ಚೀಲಕ್ಕೆ ತುಂಬಿ ಎದ್ದು ನಿಂತಳು. ಬಾವ ಅವಳ ತಲೆಯ ಮೇಲೆ ಕೈ ಇಡಲು ಹೋದ, ಎಟುಕಲಿಲ್ಲ. ಅವಳೇ ಬಗ್ಗಿದಳು.

ಅದನ್ನು ನೋಡಿ ನನಗೆ ತಮಾಷೆ ಮಾಡಬೇಕೆನ್ನಿಸಲಿಲ್ಲ. ಆಯ್ಕೆಗೆ ಬರಲು ಅವಳಿಗೆ ಇನ್ನೊಂದು ವರ್ಷ ವಯಸ್ಸಿದೆ. ಬಂಗಾರಪೇಟೆಯಲ್ಲಿ ಯಾರಿಗೂ ಹೇಳಬೇಡಿ: ಮುಂದಿನ ಸಲ ಎದುರಿಗೆ ನಮ್ಮೂರಿನವರೇ ನಿಂತಿದ್ದರೂ ನಾನು ಕೂಗುವುದು ಅವಳಿಗೇ.