ಹದಿಮೂರನೆಯ ಪಟ

ಮುನಿರಾಜ ಇಂದ್ರ, ವಯಸ್ಸು ಎಪ್ಪತ್ತೊಂದು. ಮೂಡುಬಿದಿರೆಯ ಸಣ್ಣದೊಂದು ಬಸದಿಯ ಪುರೋಹಿತರ ಮೂರನೆಯ ಮಗ. ಹೆಂಡತಿ ಕಮಲಾವತಿ, ಒಬ್ಬಳೇ ಮಗಳು ಸಾಧನಾ, ಗುರುವಾಯನಕೆರೆಯಲ್ಲಿ ಶಿಕ್ಷಕಿ.

ನಲವತ್ತಾರು ವರ್ಷ ಅವರು ಒಂದೇ ಸ್ಟುಡಿಯೋದ ಹಿಂಕೋಣೆಯಲ್ಲಿ ಕುಳಿತು ಟಚಿಂಗ್ ಮಾಡಿದರು. ಸತ್ತವರ ಮಸುಕು ಫೋಟೋವನ್ನು ಗೋಡೆಗೆ ಹಾಕುವಂಥ ಪಟವಾಗಿ ತಿದ್ದುವುದು ಆ ಕೆಲಸ. ಮುಚ್ಚಿದ ಕಣ್ಣು ತೆರೆಸುತ್ತಿದ್ದರು, ಬಿದ್ದ ಹಲ್ಲು ಕೂರಿಸುತ್ತಿದ್ದರು, ಕಪ್ಪು ಮುಖವನ್ನು ಬೆಳ್ಳಗೆ ಮಾಡುತ್ತಿದ್ದರು. ಬಡ ಹೆಂಗಸರಿಗೆಂದೇ ನೀಲಿ ಸೀರೆಯುಟ್ಟ, ತಲೆಯಿಲ್ಲದ ಒಂದು ಮೈಯನ್ನು ಬರೆದಿಟ್ಟುಕೊಂಡಿದ್ದರು. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ನೂರಾರು ಮನೆಗಳ ಗೋಡೆಯಲ್ಲಿ ಅದೇ ಮೈಯ ಮೇಲೆ ಬೇರೆ ಬೇರೆ ತಲೆಗಳಿವೆ. ಯಾರೂ ದೂರಿದ್ದಿಲ್ಲ. ಪಟದ ಹಿಂದೆ ಸ್ಟುಡಿಯೋದ ಮೊಹರು ಬೀಳುತ್ತಿತ್ತು. ಅವರ ಹೆಸರು ಒಮ್ಮೆಯೂ ಬೀಳಲಿಲ್ಲ.

ಕಳೆದ ವರ್ಷ ಕಲಾವಿದೆ ನವ್ಯಶ್ರೀ ಹನ್ನೆರಡು ದೊಡ್ಡ ಪ್ರತಿಗಳನ್ನು ತಂದಳು. ನೂರು ವರ್ಷಗಳಿಗೂ ಹಿಂದೆ ಬ್ರಿಟಿಷ್ ಅಧಿಕಾರಿಯೊಬ್ಬ ಈ ಜಿಲ್ಲೆಯ ಹೆಂಗಸರನ್ನು ಅಳತೆಕೋಲಿನ ಪಕ್ಕ ನಿಲ್ಲಿಸಿ ತೆಗೆದ ಫೋಟೋಗಳವು. ಎದೆಯ ಮೇಲೆ ಬಟ್ಟೆಯಿಲ್ಲ. ಕೆಳಗೆ ಜಾತಿ, ಎತ್ತರ, ಸಂಖ್ಯೆ ಇವೆ; ಹೆಸರಿಲ್ಲ.

“ನಿಮಗೆ ತೋಚಿದ ಹಾಗೆ ಬಣ್ಣ ಹಾಕಿ ಮುನಿರಾಜಣ್ಣ. ಬಂಟ್ವಾಳದಲ್ಲಿ ಪ್ರದರ್ಶನ ಉಂಟು.”

“ಹಾಕ್ತೇನೆ. ಆದ್ರೆ ಕೆಳಗೆ ನನ್ನ ಹೆಸರು ಬರೀಬೇಕು.”

“ಅದನ್ನು ಹೇಳ್ಬೇಕಾ ಮಾರಾಯ್ರೆ!”

ನಾಲ್ಕು ತಿಂಗಳು ಅವರು ಬೇರೆ ಕೆಲಸ ಮುಟ್ಟಲಿಲ್ಲ. ಸತ್ತವರ ಪಟ ತಿದ್ದಿದ ಕೈಗೆ ಬೇರೆ ಅಭ್ಯಾಸವೂ ಇರಲಿಲ್ಲ. ಅಳತೆಕೋಲನ್ನು ಅಳಿಸಿದರು, ರವಿಕೆ ತೊಡಿಸಿದರು, ಮೈಬಣ್ಣವನ್ನು ಗೋಧಿಯ ಬಣ್ಣಕ್ಕೆ ತಂದರು.

ಕಮಲಾವತಿ ಇಣುಕಿದರು. “ಕೋಲು ತೆಗೆದದ್ದು ಸರಿ. ಇವರ ಬಣ್ಣ ಯಾಕೆ ತೆಗೆದ್ರಿ? ಪೌಡರ್ ಮೆತ್ತಿ ಯಾವ ಗಂಡಿಗೆ ತೋರಿಸ್ಲಿಕ್ಕೆ?”

“ಗೋಡೆಗೆ ಹಾಕುವ ಪಟ. ನಿನಗೆ ಗೊತ್ತಾಗುದಿಲ್ಲ.”

“ಗೊತ್ತಾಗ್ತದೆ. ಹನ್ನೆರಡು ಜನಕ್ಕೂ ಅದೇ ನೀಲಿ ಸೀರೆ!”

ನವ್ಯಶ್ರೀ ಮಾತ್ರ ಕೆಲಸ ನೋಡಿ ಚಪ್ಪಾಳೆ ತಟ್ಟಿದಳು. ಅವರದ್ದೂ ಒಂದು ಫೋಟೋ ಬೇಕೆಂದು ಗೋಡೆಗೆ ತಾಗಿಸಿ ನಿಲ್ಲಿಸಿದಳು; ಮಗ್ಗುಲಲ್ಲಿ ಒಂದು ಕೋಲು ಒರಗಿಸಿದಳು. ಸ್ಟುಡಿಯೋದಲ್ಲಿ ಆಯುಷ್ಯ ಕಳೆದ ಮನುಷ್ಯ ಅದನ್ನು ಪರದೆ ಕಟ್ಟುವ ಕೋಲೆಂದು ತಿಳಿದು, ತಲೆ ಬಾಚಿಕೊಂಡು ನಿಂತರು.

ಪ್ರದರ್ಶನದ ದಿನ ಹೊಸ ಬಿಳಿ ಅಂಗಿ ತೊಟ್ಟು ಹೆಂಡತಿಯೊಡನೆ ಬಂಟ್ವಾಳಕ್ಕೆ ಬಸ್ಸು ಹತ್ತಿದರು. ಬಾಗಿಲಲ್ಲಿ ಗೇಣುದ್ದದ ಅಕ್ಷರಗಳಲ್ಲಿ ನವ್ಯಶ್ರೀಯ ಹೆಸರಿತ್ತು. ಒಳಗೆ ಹನ್ನೆರಡು ಪಟಗಳು, ಹದಿಮೂರನೆಯದು ಅವರದೇ. ಕೋಲಿನ ಮೇಲೆ ಅಳತೆಯ ಗೆರೆಗಳು ಮೂಡಿದ್ದವು. ಕೆಳಗೆ: “ಟಚಿಂಗ್‌ನವ. ಗಂಡು. ಐದು ಅಡಿ ಮೂರು ಇಂಚು. ಸಂಖ್ಯೆ 13.”

“ನನ್ನ ಹೆಸರು?”

“ಹೆಸರು ಹಾಕಿದ್ರೆ ಅರ್ಥವೇ ಹೋಗ್ತದೆ ಅಣ್ಣ. ಅಧಿಕಾರಿ ಈ ಹೆಂಗಸರ ಹೆಸರು ತೆಗೆದ, ನೀವು ಮೈ ತೆಗೆದ್ರಿ. ಈಗ ನಿಮ್ಮ ಸರದಿ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊಟ್ಟ ಮಾತು ಮಾತ್ರ ಅವಳಿಗೆ ನೆನಪಿರಲಿಲ್ಲ.

ನೋಡಲು ಬಂದವರಲ್ಲಿ ಒಬ್ಬ ನಗುತ್ತ ಮೊಬೈಲ್ ಎತ್ತಿದ. “ಅಜ್ಜ, ಪಟದ ಬದಿಯಲ್ಲಿ ನಿಲ್ಲಿ. ಹಾಗೇ, ನೇರ.”

ಮುನಿರಾಜರು ನಿಂತರು. ನೇರವಾಗಿಯೇ ನಿಂತರು.

ಆಮೇಲೆ ಅವರು ಕುಂಚ ಹಿಡಿಯಲಿಲ್ಲ. ಆರು ವಾರಕ್ಕೆ ಹೃದಯ ನಿಂತಿತು. ಹಾರ ಹಾಕಲು ಹುಡುಕಿದರೆ, ಊರಿನ ಸತ್ತವರಿಗೆಲ್ಲ ಪಟ ಮಾಡಿಕೊಟ್ಟವರದ್ದೇ ಒಂದು ಫೋಟೋ ಮನೆಯಲ್ಲಿಲ್ಲ. ಕಮಲಾವತಿ ನವ್ಯಶ್ರೀಗೆ ಫೋನು ಮಾಡಿದರು. ಪಟ ವಿದೇಶದ ಸಂಗ್ರಹಕ್ಕೆ ಹೋಗಿಯಾಗಿದೆ, ಪ್ರತಿ ಬೇಕಾದರೆ ಅಲ್ಲಿಗೆ ಅರ್ಜಿ ಬರೆಯಬೇಕು ಎಂದಳು.

ಸ್ಟುಡಿಯೋವನ್ನು ಈಗ ನಡೆಸುವ ಇಮ್ತಿಯಾಝ್ ಬಂದ. “ಆಧಾರ್ ಕಾರ್ಡಿನದ್ದು ಉಂಟಲ್ಲ ಅಮ್ಮ? ಮುಖ ಬೆಳ್ಳಗೆ ಮಾಡಿ ಕೋಟು ಹಾಕಿ ಕೊಡ್ತೇನೆ.”

“ಬೇಡ,” ಎಂದರು ಕಮಲಾವತಿ. “ಅದು ಯಾರದ್ದೋ ಮೈ.”

ಮುನಿರಾಜ ಇಂದ್ರ ಬಿಟ್ಟುಹೋದದ್ದು: ನಾಲ್ಕು ಕುಂಚಗಳು. ಒಣಗಿದ ಬಣ್ಣದ ಡಬ್ಬಿ. ಒಂದು ಭೂತಗನ್ನಡಿ. ಒಮ್ಮೆ ಮಾತ್ರ ತೊಟ್ಟ ಬಿಳಿ ಅಂಗಿ. ನೀಲಿ ಸೀರೆಯುಟ್ಟ, ತಲೆಯಿಲ್ಲದ ಮೈ. ಅವರ ಪಟಕ್ಕೆಂದು ಗೋಡೆಯಲ್ಲಿ ಇಮ್ತಿಯಾಝ್ ಹೊಡೆದ ಒಂದು ಖಾಲಿ ಮೊಳೆ. ಯಾವುದೋ ದೇಶದಲ್ಲಿ, ಐದು ಅಡಿ ಮೂರು ಇಂಚು.