ಸೊರಬದ ಪಟದ ಮೇಲಿನ ಮೂರು ಗೆರೆ

ಶಿಕಾರಿಪುರದ ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟೆ. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಬಣ್ಣದ ಟ್ಯೂಬು, ಬ್ರಷ್ಷು, ಎಣ್ಣೆಯ ಬಾಟಲಿ. ಕಂಕುಳಲ್ಲಿ ಹಳೆಯ ಪಂಚೆ ಸುತ್ತಿದ ಕ್ಯಾನ್ವಾಸು. ಕಂಡಕ್ಟರ್ ಅದನ್ನು ಬೆರಳಿನಿಂದ ತಟ್ಟಿ ನೋಡಿದ.

"ಏನ್ ಯಜಮಾನ್ರೆ, ಟಿವಿನಾ? ಲಗೇಜ್ ಹಾಕ್ಲೇನು?"

"ಟಿವಿ ಅಲ್ಲಪ್ಪ, ಖಾಲಿ ಬಟ್ಟೆ. ಚಿತ್ರ ಬರೆಯೋದು."

"ಖಾಲಿ ಬಟ್ಟೆನ ಇಷ್ಟು ಜೋಪಾನ ಮಾಡ್ತೀರಲ್ರಿ!" ಎಂದು ನಗುತ್ತಾ ಸೊರಬಕ್ಕೆ ಟಿಕೆಟ್ ಹರಿದುಕೊಟ್ಟ. ಅರವತ್ತು ರೂಪಾಯಿಯ ಆಸುಪಾಸು ಆಯಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಸೊನ್ನೆ ರೂಪಾಯಿಯ ಟಿಕೆಟನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ನಮಗೆ ಫ್ರೀ, ಆದ್ರೆ ನಿಲ್ಬೇಕು. ನೀವು ದುಡ್ಡು ಕೊಟ್ಟೋರು, ಕಿಟಕಿ ಪಕ್ಕ ಕೂತೀರಿ. ಲೆಕ್ಕ ಸರಿ ಆತು ಬಿಡ್ರಿ," ಎಂದಳು.

ಸುಗ್ಗಿಯ ದಿನಗಳು. ದಾರಿಯುದ್ದಕ್ಕೂ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು. ಬಸ್ಸು ಉಳಿದ ಅರ್ಧದಲ್ಲಿ ಹೋಯಿತು. ಶಿರಾಳಕೊಪ್ಪದಲ್ಲಿ ಉಡುತಡಿ ಕಡೆಯವರೆಲ್ಲ ಇಳಿದರು, ಬಸ್ಸು ಖಾಲಿಯಾಯಿತು. ಅಲ್ಲಿ ಹತ್ತು ನಿಮಿಷ ನಿಂತಾಗ ಚಹಾ ಕುಡಿದೆ. ಅಲ್ಲಿಂದ ಮುಂದೆ ನೆಲದ ಬಣ್ಣ ಕೆಂಪಾಗುತ್ತದೆ, ಗದ್ದೆಗಳು ಹೆಚ್ಚುತ್ತವೆ, ಮರಗಳು ರಸ್ತೆಗೆ ಹತ್ತಿರ ಬರುತ್ತವೆ. ಒಂಬತ್ತೂವರೆ ದಾಟಿದ ಮೇಲೆ ಸೊರಬದಲ್ಲಿ ಇಳಿದೆ.

ನಾನು ಯಾಕೆ ಹೊರಟೆ ಎನ್ನುವುದನ್ನು ಹೇಳಬೇಕು. ಶಿಕಾರಿಪುರದ ಪೇಟೆಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಎಲ್ಲಕ್ಕೂ ಚೌಕಟ್ಟು ಹೊಡೆದು ಗಾಜು ಕೂರಿಸಿ ಕೊಡುತ್ತಿದ್ದೆ. ಜೀವಮಾನವೆಲ್ಲ ಇನ್ನೊಬ್ಬರ ಚಿತ್ರಗಳ ಮೇಲಿನ ಗಾಜು ಒರೆಸಿದವನಿಗೆ ಅರವತ್ತೆಂಟು ದಾಟಿದ ಮೇಲೆ ತಾನೂ ಒಂದು ಮುಖ ಬರೆಯಬೇಕು ಎನ್ನಿಸಿತು. ನಮ್ಮೂರಿನಲ್ಲಿ ನಿವೃತ್ತರಾದ ಒಬ್ಬ ಡ್ರಾಯಿಂಗ್ ಮೇಷ್ಟ್ರು ಭಾನುವಾರ ಪಾಠ ಹೇಳುತ್ತಾರೆ. ಅವರ ಪಾಠದ ಕ್ರಮ ಒಂದೇ: ಹಳೆಯ ದೊಡ್ಡ ಚಿತ್ರಕಾರರನ್ನು ನಕಲು ಮಾಡು. ಇಟಲಿಯವರು, ಹಾಲೆಂಡಿನವರು ಬರೆದ ಮುಖಗಳನ್ನು ದಪ್ಪ ಪುಸ್ತಕದಿಂದ ತೆಗೆದು ಮುಂದಿಡುತ್ತಿದ್ದರು. ಮೊದಲು ಚೌಕುಳಿ ಗೆರೆ ಎಳೆದು ಅಳತೆ, ಆಮೇಲೆ ಒಂದೇ ಬಣ್ಣದಲ್ಲಿ ಬೆಳಕು ನೆರಳು, ಕೊನೆಗೆ ಬಣ್ಣ. ಒಂದು ವರ್ಷ ಹಾಗೆ ನಡೆಯಿತು. ನನ್ನ ಮುಖಗಳೆಲ್ಲ ಹಿಟ್ಟು ಮೆತ್ತಿದ ಹಾಗೆ ಬರುತ್ತಿದ್ದವು.

"ಪುಸ್ತಕದಾಗೆ ಬಣ್ಣದ ದಪ್ಪ ಕಾಣಂಗಿಲ್ಲ," ಎಂದರು ಮೇಷ್ಟ್ರು. "ಅಚ್ಚಾದದ್ದು ಸಪಾಟ್ ಇರ್ತೈತಿ. ನಿಜವಾದ ಪಟದ ಮುಂದೆ ಕುಂದ್ರಬೇಕು ನೀವು. ಸೊರಬದಾಗೆ ಈರಯ್ಯ ಬರೆದದ್ದು ಒಂದು ಐತಿ, ಹೋಗ್ರಿ. ಆದ್ರೆ ಒಂದ್ ಮಾತು, ಮೂಲದ ಮ್ಯಾಲೆ ಕೈ ಇಡಬ್ಯಾಡ್ರಿ."

ಪಟದ ಈರಯ್ಯ ಎಂಬವನು ಹಿಂದೆ ಈ ಎರಡು ತಾಲೂಕುಗಳಲ್ಲಿ ಊರೂರು ತಿರುಗಿ ಮನೆ ಹಿರಿಯರ ಚಿತ್ರ ಬರೆದುಕೊಡುತ್ತಿದ್ದ ಕಲಾವಿದ. ಯಾವ ಶಾಲೆಯಲ್ಲಿ ಕಲಿತನೋ ಯಾರಿಗೂ ಗೊತ್ತಿಲ್ಲ. ನಮ್ಮ ಸೀಮೆಯ ಮಟ್ಟಿಗೆ ಹಳೆಯ ದೊಡ್ಡ ಚಿತ್ರಕಾರ ಎಂದರೆ ಅವನೇ.

ಮೇಷ್ಟ್ರು ಹೇಳಿದ ಮನೆ ಸೊರಬದ ಪೇಟೆ ಹಿಂದಿನ ಬೀದಿಯಲ್ಲಿತ್ತು. ಹಿಂದೆ ಭತ್ತದ ವ್ಯಾಪಾರ ಮಾಡುತ್ತಿದ್ದವರ ಮನೆ. ಈಗ ಆ ಮನೆಯ ಮಗಳು ಗಿರಿಜಮ್ಮ, ಅವರ ಯಜಮಾನರು ನಾಗಪ್ಪ ಇದ್ದಾರೆ. ಇಬ್ಬರಿಗೂ ಹೆಚ್ಚು ಕಡಿಮೆ ನನ್ನದೇ ವಯಸ್ಸು. ಮೇಷ್ಟ್ರು ಫೋನ್ ಮಾಡಿದ್ದರಿಂದ ಕಾಯುತ್ತಿದ್ದರು. ಕಾಲಿಗೆ ನೀರು ಕೊಟ್ಟು, ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ತಿಂದ ಮೇಲೆ ಪಡಸಾಲೆಗೆ ಕರೆದುಕೊಂಡು ಹೋದರು.

ಪಟ ಗೋಡೆಯ ಮೇಲೆ, ಎದುರಿನ ಕಿಟಕಿಯ ಬೆಳಕು ಬೀಳುವ ಕಡೆ ಇತ್ತು. ಗಿರಿಜಮ್ಮನವರ ತಂದೆ. ರುಮಾಲು, ಬಿಳಿ ಅಂಗಿ, ಕೊರಳಲ್ಲಿ ಲಿಂಗದ ಕರಡಿಗೆ, ಮಂಡಿಯ ಮೇಲೆ ಇಟ್ಟ ಎರಡು ಕೈ. ಗಾಜು ಹಾಕಿರಲಿಲ್ಲ. ಕಟ್ಟಿನವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಹಣೆಯ ಮೇಲೆ ನಿಜವಾದ ವಿಭೂತಿ ಹಚ್ಚಿದ್ದರು. ಮೂರು ಗೆರೆ, ಪದರದ ಮೇಲೆ ಪದರ ಕೂತು ಗಟ್ಟಿಯಾಗಿ ಎದ್ದು ನಿಂತಿದ್ದವು. ಕೆಳಗಿನ ಗೆರೆ ಮಧ್ಯದಲ್ಲಿ ತುಂಡಾಗಿತ್ತು.

"ಮಾವನೋರು ಹೋಗಿ ಎಷ್ಟೋ ವರ್ಷ ಆತು," ಎಂದರು ನಾಗಪ್ಪ. "ಈ ಪಡಸಾಲೆಲಿ ನಾನು ಇವತ್ತಿಗೂ ಕಾಲು ಚಾಚಿ ಕೂತಿಲ್ಲ. ಮನೆ ಅಳಿಯ ನೋಡ್ರಿ. ಎಲ್ಲಿ ಕೂತ್ರೂ ನನ್ನನ್ನೇ ನೋಡ್ತಾರೆ."

"ನೋಡೋ ಹಂಗೆ ನಡ್ಕಂಡ್ರೆ ನೋಡ್ತಾರೆ," ಎಂದು ಗಿರಿಜಮ್ಮ ಒಳಗೆ ಹೋದರು.

ಆ ದಿನವೆಲ್ಲ ಅಳತೆಯ ಕೆಲಸ. ಪಟಕ್ಕೆ ತಾಗದ ಹಾಗೆ ಚೌಕಟ್ಟಿನ ಅಂಚಿಗೆ ದಾರ ಕಟ್ಟಿ ಚೌಕುಳಿ ಮಾಡಿಕೊಂಡೆ. ಪೂರ್ತಿ ಚಿತ್ರ ನನ್ನಿಂದ ಆಗದು ಎಂದು ಮುಖ ಮತ್ತು ಕೈಗಳನ್ನಷ್ಟೇ ಆರಿಸಿಕೊಂಡೆ. ಈರಯ್ಯ ಕೈಗಳನ್ನು ಬರೆದ ರೀತಿಗೆ ಬೆರಗಾದೆ. ಗೆಣ್ಣುಗಳ ಹತ್ತಿರ ಬಣ್ಣ ತೆಳು, ಉಗುರಿನ ಹತ್ತಿರ ಒಂದೇ ದಪ್ಪ ಚುಕ್ಕೆ. ಹತ್ತಿರದಿಂದ ನೋಡಿದರೆ ಬರೀ ಚುಕ್ಕೆ, ಎರಡು ಹೆಜ್ಜೆ ಹಿಂದೆ ಸರಿದರೆ ಉಗುರು. ಇದು ಯಾವ ಪುಸ್ತಕದಲ್ಲೂ ನನಗೆ ಕಂಡಿರಲಿಲ್ಲ.

ಮರುದಿನ ಬಣ್ಣ ಹಾಕತೊಡಗಿದೆ. ಹಣೆಯ ಮೇಲಿನ ಮೂರು ಗೆರೆಗಳನ್ನೂ ಇದ್ದ ಹಾಗೆ ಬರೆದೆ, ಕೆಳಗಿನದರ ತುಂಡನ್ನೂ ಬಿಡದೆ. ಮುಖ ಮೊದಲ ಸಲ ಮುಖದ ಹಾಗೆ ಬರುತ್ತಿತ್ತು. ಆದರೆ ಹಣೆಯ ಬೆಳಕು ಹಿಡಿತಕ್ಕೆ ಸಿಗಲಿಲ್ಲ. ಈರಯ್ಯ ಅಲ್ಲಿ ಹಳದಿಯ ಮೇಲೆ ಕೆಂಪು ಹಾಕಿದ್ದನೋ, ಕೆಂಪಿನ ಮೇಲೆ ಹಳದಿಯೋ, ವಿಭೂತಿಯ ಕೆಳಗೆ ಮುಚ್ಚಿಹೋಗಿತ್ತು. ಮಧ್ಯಾಹ್ನ ಊಟವಾದ ಮೇಲೆ ನಾಗಪ್ಪ ಪೇಟೆಗೆ ಹೋದರು. ಗಿರಿಜಮ್ಮ ಹಿತ್ತಿಲಿನಲ್ಲಿ ಭತ್ತ ಹರವುತ್ತಿದ್ದರು. ನಾನು ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಸ್ಟೂಲಿನ ಮೇಲೆ ನಿಂತು ಹಣೆ ಒರೆಸಿದೆ.

ಇಲ್ಲಿ ನನ್ನ ತಪ್ಪು ಮುಚ್ಚಿಕೊಂಡು ಬರೆಯಬಹುದು. ನಮ್ಮ ಮನೆಯಲ್ಲಿ ಹಿರಿಯರ ಫೋಟೋಗಳಿಗೆಲ್ಲ ಗಾಜಿದೆ. ಹಬ್ಬ ಬಂದರೆ ಹಳೆಯ ವಿಭೂತಿ ಒರೆಸಿ ಹೊಸದು ಹಚ್ಚುತ್ತೇವೆ. ಅಂಗಡಿಯಲ್ಲೂ ಹಾಗೇ, ಪಟ ಕೈಗೆ ಬಂದರೆ ಮೊದಲು ಒರೆಸುವುದು ನನ್ನ ಕೈಯ ಚಾಳಿ. ಈ ಮಾತುಗಳೆಲ್ಲ ನಿಜ. ಆದರೆ ಹಿತ್ತಿಲ ಬಾಗಿಲಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಬೇಡ ಎಂದುಬಿಟ್ಟಾರು ಎಂದೇ ಕೇಳಲಿಲ್ಲ.

ವಿಭೂತಿ ಸುಲಭವಾಗಿ ಬಂತು. ಕೆಳಗೆ ಹಣೆ ಬರಿದಾಗಿತ್ತು, ಹೊಸದರ ಹಾಗೆ ಹೊಳೆಯಿತು. ಕೆಂಪಿನ ಮೇಲೆ ತೆಳು ಹಳದಿ. ನೋಡಬೇಕಾದದ್ದನ್ನು ನೋಡಿ, ನನ್ನ ಕ್ಯಾನ್ವಾಸಿನಲ್ಲಿ ತಿದ್ದಿಕೊಂಡೆ. ಆಮೇಲೆ ಹಿಂದೆ ಸರಿದು ನೋಡಿದಾಗ ಗೋಡೆಯ ಮೇಲೆ ಬೇರೆ ಯಾರೋ ಇದ್ದರು. ಯಾರಾದರೂ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಗೊತ್ತಾಗುತ್ತಿತ್ತು.

ನನ್ನ ಚೀಲದಲ್ಲಿ ವಿಭೂತಿ ಗಟ್ಟಿ ಇತ್ತು. ನೀರಿನಲ್ಲಿ ಅರೆದು ಬೆರಳಿನಿಂದ ಹಚ್ಚಲು ಹೋದೆ. ನನ್ನ ಬೆರಳು ದಪ್ಪ, ಹಳೆಯ ಗೆರೆಗಳು ಸಣ್ಣ. ಅದಕ್ಕೆ ಬ್ರಷ್ ತೆಗೆದುಕೊಂಡೆ. ನನ್ನ ಕ್ಯಾನ್ವಾಸಿನಲ್ಲಿ ಗೆರೆಗಳ ಅಳತೆ ಸರಿಯಾಗಿ ಇತ್ತಲ್ಲ, ಅದನ್ನು ಮುಂದಿಟ್ಟುಕೊಂಡು ಪಟದ ಮೇಲೆ ಬರೆದೆ. ನಕಲನ್ನು ನೋಡಿ ಮೂಲವನ್ನು ಬರೆದೆ. ಒಂದು ಪದರ ಹಾಕಿ, ಬಾಯಿಂದ ಊದಿ ಒಣಗಿಸಿ, ಮತ್ತೊಂದು ಪದರ. ಕೆಳಗಿನ ಗೆರೆಯನ್ನು ಮೊದಲಿನ ಹಾಗೇ ಮಧ್ಯದಲ್ಲಿ ತುಂಡಾಗಿ ಬಿಟ್ಟೆ. ಒಂದು ವರ್ಷದಲ್ಲಿ ಕಲಿತದ್ದೆಲ್ಲ ಆ ಹೊತ್ತಿಗೆ ಕೈಗೆ ಬಂದಿತ್ತು. ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಬರೆದಿಲ್ಲ.

ಸಂಜೆ ಗಿರಿಜಮ್ಮ ದೀಪ ಹಚ್ಚಿ ಪಡಸಾಲೆಗೆ ಬಂದರು. ನನ್ನ ಚಿತ್ರವನ್ನು ನೋಡಿ, "ಅಪ್ಪನ ಮೂಗು ಸರಿ ಬಂದೈತೆ ನೋಡ್ರಿ," ಎಂದರು. ಆಮೇಲೆ ಗೋಡೆಯ ಪಟಕ್ಕೆ ತಿರುಗಿ ಕೈ ಮುಗಿದರು.

"ಆ ವಿಭೂತಿ ಅವ್ವಂದು," ಎಂದರು. "ಸೋಮವಾರಕ್ಕೊಮ್ಮೆ ಅವಳೇ ಹಚ್ತಿದ್ಲು, ಇನ್ಯಾರ ಕೈಗೂ ಕೊಡ್ತಿರ್ಲಿಲ್ಲ. ಉಂಗುರದ ಬೆರಳು ಮುರಿದು ಸೊಟ್ಟ ಕೂತಿತ್ತು, ಅದಕ್ಕೆ ಕೆಳಗಿಂದು ತುಂಡು ನೋಡ್ರಿ. ಅವ್ವ ಹೋದ ಮೇಲೆ ನಾವು ಯಾರೂ ಅದನ್ನ ಮುಟ್ಟಿಲ್ಲ. ಅವ್ವಂದು ಅಂತ ಒಂದು ಫೋಟೋನೂ ಇಲ್ಲ ಮನೇಲಿ. ಇದೇ."

ನಾನು ಬ್ರಷ್ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಆಗಲೇ ಹೇಳಬೇಕಿತ್ತು. "ಹೌದಾ ತಾಯಿ," ಎಂದಷ್ಟೇ ಅಂದೆ. ನಾಗಪ್ಪ ಬಂದು ಊಟಕ್ಕೆ ಎಬ್ಬಿಸಿದರು. ಬಿಸಿ ಅನ್ನ, ಹುರುಳಿ ಸಾರು ಇತ್ತು. ಚೆನ್ನಾಗಿತ್ತು ಎಂದು ಹೇಳಿ ಎರಡನೆಯ ಸಲ ಹಾಕಿಸಿಕೊಂಡೆ.

ಮೂರನೆಯ ದಿನ ಚಂದ್ರಗುತ್ತಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಅಲ್ಲಿಯೂ ಈರಯ್ಯ ಬರೆದ ಒಂದು ಪಟ ಇದೆ. ಚೀಲ, ಕ್ಯಾನ್ವಾಸು ಗಿರಿಜಮ್ಮನವರ ಮನೆಯಲ್ಲೇ ಬಿಟ್ಟು ಬೆಳಗಿನ ಬಸ್ಸು ಹಿಡಿದೆ. ಮುಕ್ಕಾಲು ಗಂಟೆಯ ದಾರಿ. ಮಂಜು ಇನ್ನೂ ಕರಗಿರಲಿಲ್ಲ, ಗುಡ್ಡದ ತಲೆ ಕಾಣಲಿಲ್ಲ. ಗುಡಿಗೆ ಹೋಗುವವರು ಮೆಟ್ಟಿಲ ಕಡೆ ನಡೆದರು. ನಾನು ಕೆಳಗೆ ಹಣ್ಣುಕಾಯಿ ಮಾರುವವರ ಮನೆ ಹುಡುಕಿಕೊಂಡು ಹೋದೆ.

ಅಂಗಡಿಯ ಯಜಮಾನ ಒಂದು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ಒಳಗೆ ಕರೆದ. ಪಟದಲ್ಲಿದ್ದವಳು ಅವನ ಅಜ್ಜಿ. ಹಣೆಯ ಮೇಲೆ ಆ ಬೆಳಿಗ್ಗೆ ಹಚ್ಚಿದ ವಿಭೂತಿ, ಇನ್ನೂ ಹಸಿಯಾಗಿತ್ತು.

"ಇಲ್ಲೂ ಗಾಜಿಲ್ವಲ್ಲ?" ಎಂದೆ.

"ಗಾಜು ಹಾಕ್ಬ್ಯಾಡ್ರಿ ಅಂತ ಈರಯ್ಯನೇ ಹೇಳಿದ್ದಂತೆ. ಎಲ್ಲಾ ಬರೀತಿದ್ದ, ಹಣೆ ಮಾತ್ರ ಖಾಲಿ ಬಿಡ್ತಿದ್ದ. ಅದು ನನ್ನ ಕೆಲಸ ಅಲ್ಲ, ಮನೆಯೋರದ್ದು, ಅಂತಿದ್ದನಂತೆ ನಮ್ಮಪ್ಪನ ಹತ್ರ." ಆಮೇಲೆ ನನ್ನ ಮುಖ ನೋಡಿ, "ಯಾಕ್ರೀ, ನೀರು ಬೇಕಾ?" ಎಂದ.

ನೀರು ಕುಡಿದೆ. ಪಟವನ್ನು ಮತ್ತೆ ನೋಡಲಿಲ್ಲ, ಗುಡ್ಡ ಹತ್ತಲಿಲ್ಲ. ವಾಪಸ್ ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಕಾಯುವಾಗ ಒಂದು ಯೋಚನೆಯೂ ಬಂತು, ಬಚ್ಚಿಡುವುದಿಲ್ಲ: ಸುಮ್ಮನಿದ್ದರೆ ಆ ಹೆಂಗಸಿಗೆ ಏನೂ ಕಳೆದಿರುವುದಿಲ್ಲ, ಹೇಳಿದರೆ ತಾಯಿಯ ಗುರುತೇ ಹೋಗುತ್ತದೆ. ಬಸ್ಸು ಸೊರಬದ ಹತ್ತಿರ ಬರುವವರೆಗೂ ಈ ಮಾತು ಸರಿ ಎಂದೇ ತೋರುತ್ತಿತ್ತು. ಆದರೆ ನಾನು ಬರೆದ ಗೆರೆಗಳಿಗೆ ಆಕೆ ಬದುಕಿರುವವರೆಗೂ ಕೈ ಮುಗಿಯುತ್ತಾರೆ ಎನ್ನುವುದನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ.

ಇಬ್ಬರೂ ಜಗಲಿಯ ಮೇಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಒರೆಸಿದ್ದು, ಬ್ರಷ್ಷಿನಲ್ಲಿ ಬರೆದದ್ದು, ಸಂಜೆ ಕೇಳಿಸಿಕೊಂಡೂ ಸುಮ್ಮನಿದ್ದದ್ದು.

ಗಿರಿಜಮ್ಮ ಎದ್ದು ಒಳಗೆ ಹೋದರು. ಪಟದ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡೆ," ಎಂದರು ನಾಗಪ್ಪ. "ಮನೆಗೆ ಬಂದೋರು. ಹಂಗೇ ಮಾಡಿಟ್ಟಾರಲ್ಲ, ವ್ಯತ್ಯಾಸನೇ ಇಲ್ಲ."

"ವ್ಯತ್ಯಾಸ ಇಲ್ಲ ಅನ್ನೋದೇ ನನಗೆ ಉರಿಯೋದು," ಎಂದರು ಗಿರಿಜಮ್ಮ. ನನ್ನ ಕಡೆ ತಿರುಗಿದರು. "ನಿನ್ನೆ ಸಂಜೆ ನಾನು ಯಾರಿಗ್ರೀ ಕೈ ಮುಗಿದೆ? ಪಕ್ಕದಲ್ಲೇ ಇದ್ರಲ್ಲ ನೀವು."

"ತಪ್ಪಾಯ್ತು ತಾಯಿ," ಎಂದೆ. ಆಕೆ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಆ ಹತ್ತಿ ಎಲ್ಲಿ?"

"ಯಾವುದು?"

"ಅವ್ವನ್ನ ಒರೆಸಿದ್ರಲ್ಲ, ಅದು."

ಹಿತ್ತಿಲ ಬೂದಿ ಗುಂಡಿಗೆ ಎಸೆದಿದ್ದೆ. ನಾಗಪ್ಪ ಹೋಗಿ ಕೋಲಿನಿಂದ ಕೆದಕಿ ತಂದರು. ಬೂದು ಬಣ್ಣದ ಉಂಡೆ, ಒಣಗಿತ್ತು. ಗಿರಿಜಮ್ಮ ಅದನ್ನು ಒಂದು ಹಿತ್ತಾಳೆ ಬಟ್ಟಲಿನಲ್ಲಿಟ್ಟು ಸ್ವಲ್ಪ ನೀರು ಹಾಕಿದರು. ಹಿಂಡಿದಾಗ ತಳದಲ್ಲಿ ಬಿಳಿಯ ಗಸಿ ನಿಂತಿತು. ಅದಕ್ಕೆ ದೇವರ ಗೂಡಿನಿಂದ ಹೊಸ ವಿಭೂತಿ ತಂದು ಕಲಸತೊಡಗಿದರು. ಕಲಸುತ್ತಲೇ ಹೇಳಿದರು, "ಸ್ಟೂಲ್ ಹತ್ರಿ. ನೀವು ಬರೆದದ್ದನ್ನ ನೀವೇ ಒರೆಸ್ರಿ. ಹೊಸ ಹತ್ತೀಲಿ."

ಒರೆಸಿದೆ. ಹಣೆ ಮತ್ತೆ ಬರಿದಾಯಿತು.

"ನಿಮ್ಮ ಚಿತ್ರದಲ್ಲಿರೋದೂ."

ನನ್ನ ಕ್ಯಾನ್ವಾಸಿನ ಬಣ್ಣ ಇನ್ನೂ ಹಸಿಯಾಗಿತ್ತು. ಟರ್ಪೆಂಟೈನ್ ಹಾಕಿ ಮೂರು ಗೆರೆಗಳನ್ನೂ ತೆಗೆದೆ. ಕೆಳಗಿನ ಬಣ್ಣವೂ ಸ್ವಲ್ಪ ಕಲಸಿಹೋಯಿತು. ಅಷ್ಟು ಕಷ್ಟಪಟ್ಟು ಹಿಡಿದ ಹಣೆಯ ಬೆಳಕು ಹೋಯಿತು. ಮುಖ, ಕೈ ಉಳಿದವು.

"ಅದನ್ನ ತಗಂಡು ಹೋಗ್ರಿ," ಎಂದರು. "ಅಪ್ಪನ ಮುಖ ಬೇಕಾದ್ರೆ ಯಾರು ಬೇಕಾದ್ರೂ ಬರ್ಕಳ್ಳಿ. ಇನ್ನು ಹೊರಡ್ರಿ. ನೀವಿರೋವಾಗ ನಾನು ಹಚ್ಚಲ್ಲ."

ನಾಗಪ್ಪ ನನ್ನ ಚೀಲ ಎತ್ತಿಕೊಂಡು ಗೇಟಿನವರೆಗೆ ಬಂದರು. "ನನ್ನನ್ನೂ ಈಗ ಒಳಗೆ ಬಿಡಲ್ಲ ನೋಡ್ರಿ," ಎಂದು ಮೆಲ್ಲಗೆ ಅಂದರು. "ನಾಲ್ಕು ಗಂಟೆಗೆ ಶಿಕಾರಿಪುರದ ಬಸ್ ಐತೆ. ಬೇಗ ಬೇಗ ನಡೀರಿ, ಸಿಗುತ್ತೆ."

ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ ಮೇಲೆ ಒಮ್ಮೆ ತಿರುಗಿ ನೋಡಿದೆ. ಪಡಸಾಲೆಯ ಕಿಟಕಿ ತೆರೆದಿತ್ತು. ಗಿರಿಜಮ್ಮ ಸ್ಟೂಲಿನ ಮೇಲೆ ನಿಂತಿದ್ದರು, ಎಡಗೈಯಲ್ಲಿ ಬಟ್ಟಲು. ಬಲಗೈಯ ಮೂರು ಬೆರಳು ಮೇಲೆತ್ತಿ, ಉಂಗುರದ ಬೆರಳನ್ನು ಸ್ವಲ್ಪ ಮಡಚಿ ನೋಡಿದರು. ಆಮೇಲೆ ನೆಟ್ಟಗೆ ಮಾಡಿಕೊಂಡರು. ಅವು ಪಟದ ಹಣೆಗೆ ತಾಗುವ ಮೊದಲು ನಾನು ಮುಖ ತಿರುಗಿಸಿ ನಡೆದೆ.