ಇಬ್ಬರ ಸಹಿ

ಶಮಾ, ಕವಿತಾಳನ್ನು ಆ ಕಲ್ಲುರಾಶಿಯ ಹತ್ತಿರ ಕಳಿಸಿದವನು ನಾನು. ನೀನಲ್ಲ. ಈ ಮಾತನ್ನು ಒಂಬತ್ತು ವರ್ಷ ಬಾಯಿ ಬಿಡದೆ ಇಟ್ಟುಕೊಂಡೆ — ನಿಮ್ಮೂರು ಮೇಲವಂಕಿಯವರೆಲ್ಲ ನಿನ್ನನ್ನೇ ಬೈಯುವುದನ್ನು ಕೇಳಿಸಿಕೊಳ್ಳುತ್ತಾ.

ಐದನೆಯ ತರಗತಿಯ ನೀವು ಶಾಲೆಯ ಆವರಣದಲ್ಲಿ ಕಂಡ ಹಕ್ಕಿ, ಹುಳ, ಅಳಿಲುಗಳನ್ನೆಲ್ಲ ಒಂದು ವಹಿಯಲ್ಲಿ ಬರೆಯುತ್ತಿದ್ದಿರಿ. ನಿಮ್ಮ ಮಾಸ್ತರನಾದ ನಾನೇ ಶುರು ಮಾಡಿಸಿದ್ದು. ಒಮ್ಮೆ ಯಾರೋ ನವಿಲು ಬಂದಿತ್ತೆಂದು ಸುಳ್ಳೇ ಬರೆದರು. ಗೋಕಾಕದಲ್ಲಿ ಬೇರೆ ಶಾಲೆಯ ಮಾಸ್ತರರಿಗೆ ವಹಿ ತೋರಿಸಿದರೆ, ನಿಮ್ಮಲ್ಲಿಗೆ ಆನೆ ಬರಲಿಲ್ಲವೇ ಎಂದು ನಕ್ಕರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಮರುದಿನವೇ ನಿಯಮ ಮಾಡಿದೆ — ಇಬ್ಬರು ಕಂಡು, ಇಬ್ಬರೂ ಸಹಿ ಹಾಕಿದರೆ ಮಾತ್ರ ವಹಿಗೆ.

ಆ ಸೋಮವಾರ ನೀನು ಓಡಿ ಬಂದೆ. ಕಾಂಪೌಂಡಿನ ಪಕ್ಕದ ಕಲ್ಲುರಾಶಿಯ ಸಂದಿಯಲ್ಲಿ ದಪ್ಪ ಹಾವಿದೆ, ಮೈಮೇಲೆ ಸರಪಳಿಯಂಥ ಗುರುತಿದೆ ಎಂದೆ. ವಿಷದ ಕೊಳಕುಮಂಡಲ ಇರಬೇಕೆಂದು ನನಗೆ ಹೊಳೆಯಿತು — ಹೊಳೆಯಿತು, ಇಲ್ಲವೆನ್ನಲಾರೆ. ಆದರೆ ಆ ನಗು ಇನ್ನೂ ಕಿವಿಯಲ್ಲಿತ್ತು. ತಲೆ ಎತ್ತದೆ ಕೇಳಿದೆ:

“ಮತ್ಯಾರು ನೋಡ್ಯಾರ?”

“ಯಾರೂ ಇಲ್ರಿ ಸರ್. ನಾ ಒಬ್ಬಾಕೀನ ನೋಡೇನಿ.”

“ಹಂಗಾರ ಇನ್ನೊಬ್ಬರ್ನ ಕರ್ಕೊಂಡು ಹೋಗಿ ತೋರ್ಸು. ಆಮ್ಯಾಲ ಬರಿಯೂಣು.”

ನೀನು ನಿನ್ನ ಗೆಳತಿ ಕವಿತಾಳನ್ನು ಕರೆದುಕೊಂಡು ಹೋದೆ. ಅವಳು ಕಲ್ಲಿನ ಮೇಲೆ ಕೈಯೂರಿ ಬಗ್ಗಿದಳು. ಆ ಕೈಗೇ ಕಚ್ಚಿತು. ಗೋಕಾಕದ ಆಸ್ಪತ್ರೆಯಲ್ಲಿ ಮೂರು ದಿನ ಒದ್ದಾಡಿ...

ಮಣ್ಣು ಮಾಡಿದ ಮರುದಿನ ಅವಳ ಅಪ್ಪ ಶಾಲೆಗೆ ಬಂದು, ಹುಡುಗಿಯರು ಅಲ್ಲಿಗೆ ಯಾಕೆ ಹೋದರು ಎಂದು ಕೇಳಿದರು. ನೀನು ಬಾಗಿಲಲ್ಲೇ ನಿಂತಿದ್ದೆ.

“ನನಗ ಗೊತ್ತಿಲ್ರಿ. ಶಮಾನ ಆಕೀನ್ನ ಕರ್ಕೊಂಡು ಹೋಗ್ಯಾಳ,” ಎಂದುಬಿಟ್ಟೆ ನಾನು.

ನೀನು ನನ್ನ ಮುಖ ನೋಡಿದೆ. ಮಾಸ್ತರರೂ ಸುಳ್ಳು ಹೇಳುತ್ತಾರೆಂದು ನಂಬಲಾಗಲಿಲ್ಲವೋ, ಅಥವಾ — ಗೊತ್ತಿಲ್ಲ. ನೀನು ಬಾಗಿಲಿನಿಂದಲೇ ತಿರುಗಿ ಹೊರಟುಹೋದೆ. ತಿಂಗಳೊಳಗೆ ನಿಮ್ಮ ಮನೆಯವರು ಶಾಲೆ ಬಿಡಿಸಿ ನಿನ್ನನ್ನು ನಾಗನೂರಿನ ಮಾಮಾನ ಮನೆಗೆ ಕಳಿಸಿದರು. ಒಳಗೊಳಗೇ ನನಗೆ ನಿರಾಳವಾಯಿತು. ಅದೂ ನಿಜ.

ಹೋದ ವಾರ ಗೋಕಾಕ ಸಂತೆಯಲ್ಲಿ ಕವಿತಾಳ ಅಪ್ಪ ಸಿಕ್ಕರು. ನಮಸ್ಕಾರ ಮಾಡಿ, ಚಹಾ ಕುಡಿಸಿ, ಸಾಯುವ ತನಕ ಆ ಶಮಾಳನ್ನು ಕ್ಷಮಿಸುವುದಿಲ್ಲ ಎಂದರು. ನಾನು ತಲೆಯಾಡಿಸಿದೆ. ಅವರ ಚಹಾ ಕುಡಿಯುತ್ತಾ ತಲೆಯಾಡಿಸಿದೆ.

ನಾಳೆ ಮೇಲವಂಕಿಗೆ ಹೋಗಿ ಅವರ ಎದುರು ಕೂತು ಹೇಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಅಲ್ಲಿಂದ ನಾಗನೂರಿಗೆ ಬರುತ್ತೇನೆ — ಕ್ಷಮೆ ಕೇಳಲು ಅಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಿನ್ನ ಮಾಮಾನ ಮುಂದೆ, ಓಣಿಯವರೆಲ್ಲರ ಮುಂದೆ ನಿಂತು ಹೇಳಲು — ಹಾವು ಕಂಡ ಕೂಡಲೇ ಈ ಹುಡುಗಿ ಬಂದು ಮಾಸ್ತರನಿಗೆ ಹೇಳಿದ್ದಳು ಎಂದು.